ನುಡಿ ಬೇರೆಯಾದರೂ ಪಂಕ್ತಿ ಒಂದೇ

ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಜನ್ಮೋತ್ಸವವನ್ನು ಆಚರಿಸುತ್ತದೆ. ತಮಿಳು ಬಾಂಧವರಿಗೆ ಅದು ವೇಳಾಂಗಣಿ ಆರೋಗ್ಯಮಾತೆಯ ಉತ್ಸವ. ಆಗಸ್ಟ್ 29ರ ಧ್ವಜಾರೋಹಣದಿಂದ ಮೊದಲುಗೊಂಡು ನವದಿನಗಳ ಪ್ರಾರ್ಥನೆ ನಡೆದು ಆ ದಿನ ಸಮಾಪ್ತವಾಗುತ್ತದೆ. ಕೊಂಕಣಿ ಮನೆಗಳಲ್ಲಿ ಅದು ಮೊಂತಿ ಹಬ್ಬ. ಮಕ್ಕಳು ಹೂವುಗಳನ್ನು ತಂದು ಮಾತೆಯ ಪಾದಕ್ಕೆ ಅರ್ಪಿಸುತ್ತಾರೆ, ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಕೇರಳದಿಂದ ಬಂದವರಿಗೆ ಅದು ಎಂಟು ದಿನಗಳ ಉಪವಾಸವ್ರತದ ಕೊನೆಯ ದಿನ. ಕನ್ನಡ ಕುಟುಂಬಗಳಿಗೆ ಅದು ದೇವಮಾತೆಯ ಹುಟ್ಟುಹಬ್ಬ. ತಾಯಿ ಒಬ್ಬಳೇ, ಕರೆಯುವ ಬಾಯಿಗಳು ನಾಲ್ಕು. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿನಗರದ ಕಥೋಲಿಕ ಸಮಾಜದ ಸ್ವರೂಪವನ್ನು ಅರಿಯಲು ಈ ಒಂದು ದಿನದ ಆಚರಣೆಯೇ ಸಾಕು.

ಹಬ್ಬ ಮುಗಿದ ಮರುದಿನ ಏನಾಗುತ್ತದೆ ಎಂಬುದು ವಿಚಾರ ಮಾಡಬೇಕಾದ ಸಂಗತಿ. ಒಂದು ಭಾಷೆಯವರು ತಮ್ಮ ಬಲಿಪೂಜೆಯ ಸಮಯಕ್ಕೆ ಬಂದು ಹೋಗುತ್ತಾರೆ; ಅವರು ಹೊರಗೆ ಬರುವಾಗ ಇನ್ನೊಂದು ಭಾಷೆಯವರು ಒಳಗೆ ಹೋಗುತ್ತಾರೆ. ಒಂದೇ ದೇವಾಲಯದಲ್ಲಿ ವರ್ಷಗಟ್ಟಲೆ ಮೊಣಕಾಲೂರಿದವರು ಪರಸ್ಪರರ ಹೆಸರನ್ನೂ ಅರಿಯದೆ ಉಳಿಯುವುದುಂಟು. ಇನ್ನು ಇತ್ತೀಚೆಗೆ ಒಡಿಶಾ, ಜಾರ್ಖಂಡಗಳ ಕಡೆಯಿಂದ ದುಡಿಮೆಗಾಗಿ ಬಂದ ತರುಣರಿಗೆ ಈ ಯಾವ ಸಮಯವೂ ತಮ್ಮದಲ್ಲ, ಈ ಯಾವ ಭಾಷೆಯೂ ತಮ್ಮದಲ್ಲ. ಪರಭಾಷಿಕರಾದ ಈ ಸಹೋದರ ಸಹೋದರಿಯರ ವಿಷಯದಲ್ಲಿ ನಮ್ಮ ಧರ್ಮಕೇಂದ್ರಗಳ ಕರ್ತವ್ಯವೇನು? ಅವರಿಗೆ ಅವರ ನುಡಿಯನ್ನು ಕೊಡಬೇಕೇ, ಇಲ್ಲವೆ ನಮ್ಮ ನುಡಿಗೆ ಅವರನ್ನು ಕರೆತರಬೇಕೇ? ಈ ಪ್ರಶ್ನೆಯನ್ನು ಇನ್ನು ಮುಂದಕ್ಕೆ ತಳ್ಳುವಂತಿಲ್ಲ.

ಮೊದಲು ಈ ನುಡಿಗಳು ನಮ್ಮಲ್ಲಿಗೆ ಬಂದ ಬಗೆಯನ್ನು ಸ್ಮರಿಸೋಣ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಧಾರವಾಡದಲ್ಲಿ ತನ್ನ ಮುಖ್ಯ ಕಚೇರಿಯನ್ನೂ ಹುಬ್ಬಳ್ಳಿಯಲ್ಲಿ ತನ್ನ ಕಾರ್ಯಾಗಾರವನ್ನೂ ನಡೆಸಿತು. ಇಂದು ಕರ್ನಾಟಕ ಕಾಲೇಜು ಇರುವ ಭವ್ಯ ಕಟ್ಟಡವೇ ಅಂದಿನ ಆ ರೈಲ್ವೆ ಕಚೇರಿ. 1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ವಿಲೀನಗೊಂಡು ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತಾದರೂ ಹುಬ್ಬಳ್ಳಿಯ ಕಾರ್ಯಾಗಾರ ಇಲ್ಲಿಯೇ ಉಳಿಯಿತು. ಉಗಿಬಂಡಿಯ ಚಾಲಕರಾಗಿ, ಫಿಟ್ಟರುಗಳಾಗಿ, ಗಾರ್ಡುಗಳಾಗಿ, ಗುಮಾಸ್ತರಾಗಿ ತಮಿಳರು, ತೆಲುಗರು, ಗೋವೆಯ ಕೊಂಕಣಿಗರು, ಆಂಗ್ಲೋ-ಇಂಡಿಯನ್ನರು ಬಂದರು. ಗದಗ ರಸ್ತೆಯ ಆಸುಪಾಸಿನ ರೈಲ್ವೆ ವಸತಿಗಳಲ್ಲಿ ಅವರು ಮನೆ ಮಾಡಿದರು. ಅವರ ಜಪಮಾಲೆಯೂ, ಅವರ ಹಾಡುಗಳೂ, ಅವರ ಹಬ್ಬಗಳೂ ಅವರೊಂದಿಗೆ ರೈಲು ಇಳಿದವು. ನಮ್ಮ ಕಥೋಲಿಕ ಸಮಾಜದ ಒಂದು ದೊಡ್ಡ ಭಾಗವನ್ನು ಕಟ್ಟಿದ್ದು ಈ ರೈಲಿನ ಹಳಿಯೇ ಎಂದರೆ ಅತಿಶಯೋಕ್ತಿಯಾಗದು.

ಆಡಳಿತದ ಚರಿತ್ರೆಯೂ ಇದನ್ನೇ ಹೇಳುತ್ತದೆ. ನಮ್ಮ ಬೆಳಗಾವಿ ಧರ್ಮಕ್ಷೇತ್ರವು 1953ರ ಸೆಪ್ಟೆಂಬರ್ 19ರಂದು ಸ್ಥಾಪಿತವಾದಾಗ ಅದಕ್ಕೆ ಸೇರಿದ ಪ್ರದೇಶಗಳು ಗೋವಾ ಮತ್ತು ಪುಣೆಗಳ ಆಡಳಿತದಿಂದ ಬಂದವು. ಕನ್ನಡ ನಾಡು ಏಕೀಕರಣಗೊಂಡದ್ದು ಅದಾದ ಮೂರು ವರ್ಷಗಳ ನಂತರ, 1956ರ ನವೆಂಬರ್ 1ರಂದು. 1976ರಲ್ಲಿ ಕಾರವಾರ ಧರ್ಮಕ್ಷೇತ್ರವು ಬೇರೆಯಾಯಿತು. ಹೀಗೆ ಕೊಂಕಣಿ, ಮರಾಠಿ, ಕನ್ನಡ ಈ ಮೂರೂ ನಮ್ಮ ಧರ್ಮಕ್ಷೇತ್ರದ ತೊಟ್ಟಿಲಲ್ಲಿಯೇ ಇದ್ದವು. ತಮ್ಮ ವಂಶದ ಮೂಲವನ್ನು ಎರಡು ಮೂರು ತಲೆಮಾರು ಹಿಂದಕ್ಕೆ ಹುಡುಕುತ್ತ ಹೋದರೆ ನಮ್ಮ ಓದುಗರಲ್ಲಿ ಅನೇಕರು ಯಾವುದೋ ಒಂದು ಬೇರೆ ಊರನ್ನು, ಬೇರೆ ನುಡಿಯನ್ನು ಕಂಡುಕೊಳ್ಳುವರು. ಆದುದರಿಂದ "ಅವರು ಹೊರಗಿನವರು" ಎಂಬ ಮಾತನ್ನು ಆಡುವ ಮುನ್ನ ನಮ್ಮ ಅಜ್ಜ ಅಜ್ಜಿಯರು ಯಾವ ಬಂಡಿಯಲ್ಲಿ ಬಂದರೆಂಬುದನ್ನು ನೆನೆಯುವುದು ಒಳ್ಳೆಯದು.

ರೈಲಿನ ಯುಗದ ವಲಸೆ ಇಂದು ಇನ್ನೊಂದು ರೂಪವನ್ನು ತಳೆದಿದೆ. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. ಆಸ್ಪತ್ರೆಗಳಲ್ಲಿ ಕೇರಳದ ದಾದಿಯರು, ವಿದ್ಯಾಲಯಗಳಲ್ಲಿ ನಾನಾ ರಾಜ್ಯಗಳ ವಿದ್ಯಾರ್ಥಿಗಳು, ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಉತ್ತರ ಹಾಗೂ ಪೂರ್ವ ಭಾರತದ ಕೆಲಸಗಾರರು, ಏಳುತ್ತಿರುವ ಬಹುಮಹಡಿ ಕಟ್ಟಡಗಳ ತಗಡಿನ ಶೆಡ್ಡುಗಳಲ್ಲಿ ಕೂಲಿಕಾರರು. ಜಾರ್ಖಂಡದ ಛೋಟಾನಾಗಪುರ ಮತ್ತು ಒಡಿಶಾದ ಸುಂದರಗಢ, ಕಂಧಮಾಲ್ ಜಿಲ್ಲೆಗಳು ಕಥೋಲಿಕ ಆದಿವಾಸಿ ಹಾಗೂ ದಲಿತ ಕುಟುಂಬಗಳು ನೆಲೆಸಿರುವ ಪ್ರದೇಶಗಳು. ಕಂಧಮಾಲ್‌ನಲ್ಲಿ 2008ರ ಹಿಂಸಾಚಾರದ ತರುವಾಯ ಮನೆಮಠ ಕಳೆದುಕೊಂಡ ಎಷ್ಟೋ ಮಂದಿ ಬದುಕನ್ನರಸಿ ಅನ್ಯ ರಾಜ್ಯಗಳಿಗೆ ಹೊರಟರು. ಇಂಥ ಪ್ರದೇಶಗಳಿಂದ ದಕ್ಷಿಣಕ್ಕೆ ಬರುವ ತರುಣನು ತನ್ನ ಊರಿನಲ್ಲಿ ಸಾದರಿಯಲ್ಲಿಯೋ, ಒಡಿಯಾದಲ್ಲಿಯೋ, ಕುಯಿ ಭಾಷೆಯಲ್ಲಿಯೋ ಪ್ರಾರ್ಥಿಸಿ ಬೆಳೆದವನು. ಇಲ್ಲಿ ಅವನ ಮೇಸ್ತ್ರಿಗೆ ಅವನೊಬ್ಬ ಕೈಯಾಳು; ನೆರೆಹೊರೆಯವರಿಗೆ ಅವನೊಬ್ಬ "ಹಿಂದಿಯವ"; ಧರ್ಮಕೇಂದ್ರದ ದಾಖಲೆಯಲ್ಲಿ ಅವನ ಹೆಸರೇ ಇಲ್ಲ.

ಇಂಥವರ ಬಗ್ಗೆ ಧರ್ಮಸಭೆಯ ಬೋಧನೆಯಲ್ಲಿ ಯಾವ ಸಂದಿಗ್ಧವೂ ಇಲ್ಲ. 1952ರ ಆಗಸ್ಟ್ 1ರಂದು ಪೋಪ್ ಹನ್ನೆರಡನೆಯ ಪಿಯೂಸರು ಹೊರಡಿಸಿದ ಶಾಸನಪತ್ರವು ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನು ಎಲ್ಲ ವಲಸಿಗ ಕುಟುಂಬಗಳ ಮಾದರಿಯನ್ನಾಗಿ ಎತ್ತಿಹಿಡಿದು, ವಲಸೆ ಬಂದವರಿಗೆ ಅವರದೇ ನುಡಿಯನ್ನು ಬಲ್ಲ ಗುರುಗಳನ್ನು ಒದಗಿಸುವ ವ್ಯವಸ್ಥೆಯನ್ನು ವಿಧಿಸಿತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. 1965ರಲ್ಲಿ ಅದೇ ಮಹಾಸಭೆಯು ಸಾಮಾನ್ಯ ಪಾಲನಾಸೇವೆ ತಲುಪದ ವಲಸಿಗರ ಬಗ್ಗೆ ವಿಶೇಷ ಕಾಳಜಿ ವಹಿಸುವಂತೆ ಧರ್ಮಾಧ್ಯಕ್ಷರಿಗೆ ಸೂಚಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 518ನೆಯ ವಿಧಿಯು ಅವಶ್ಯವಿದ್ದಲ್ಲಿ ಭಾಷೆಯ ಆಧಾರದ ಮೇಲೆ ಧರ್ಮಕೇಂದ್ರವನ್ನು ರಚಿಸಲು ಸಹ ಅವಕಾಶ ಕೊಡುತ್ತದೆ. 2004ರಲ್ಲಿ ವ್ಯಾಟಿಕನ್ನಿನಿಂದ ಹೊರಟ ವಲಸಿಗರ ಕುರಿತಾದ ವಿಸ್ತೃತ ನಿರ್ದೇಶನವು ಈ ಎಲ್ಲವನ್ನೂ ಮತ್ತೊಮ್ಮೆ ದೃಢಪಡಿಸಿತು.

ನುಡಿಗೆ ಇಷ್ಟು ಮಹತ್ವವೇಕೆ ಎಂದು ಕೆಲವರು ಕೇಳಬಹುದು. ಪೇಟೆಯ ವ್ಯವಹಾರಕ್ಕೆ ಹರಕುಮುರುಕು ಮಾತು ಸಾಕು. ಆದರೆ ಪಾಪನಿವೇದನೆಗೆ ಹರಕು ಮಾತು ಸಾಲದು. ಪಶ್ಚಾತ್ತಾಪ, ಭಯ, ದುಃಖ ಇವು ಮನುಷ್ಯನು ತಾಯಿಯ ಮಡಿಲಲ್ಲಿ ಕಲಿತ ಮಾತಿನಲ್ಲಿಯೇ ಹೊರಬರುತ್ತವೆ. ಆಸ್ಪತ್ರೆಯ ಹಾಸಿಗೆಯಲ್ಲಿ ಕೊನೆಯುಸಿರೆಳೆಯುವವನು ವ್ಯಾಕರಣ ಹುಡುಕಲಾರ. ಭಾಷಾಂತರಕಾರನ ಮೂಲಕ ಪಾಪನಿವೇದನೆ ಮಾಡಲು ಧರ್ಮಸಭೆಯ ಕಾನೂನು ಅನುಮತಿಸುತ್ತದೆ ಮತ್ತು ಆ ಭಾಷಾಂತರಕಾರನನ್ನೂ ರಹಸ್ಯಪಾಲನೆಗೆ ಕಟ್ಟಿಹಾಕುತ್ತದೆ. ಈ ಅನುಮತಿ ಇದೆಯೆಂಬುದೇ ಬಹಳ ಜನರಿಗೆ ತಿಳಿಯದು. ತಿಳಿದಿದ್ದರೂ ಮೂರನೆಯವನೊಬ್ಬನ ಎದುರಿಗೆ ತನ್ನ ಅಂತರಂಗವನ್ನು ಬಿಚ್ಚಿಡುವುದು ಎಷ್ಟು ಜನರಿಗೆ ಸಾಧ್ಯ? ಆದುದರಿಂದ ತಾಯ್ನುಡಿಯಲ್ಲಿ ಸಂಸ್ಕಾರಗಳನ್ನು ಪಡೆಯುವುದನ್ನು ನಾವು ಯಾರಿಗೋ ತೋರಿಸುವ ಔದಾರ್ಯವೆಂದು ಭಾವಿಸಬಾರದು. ಅದು ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬನ ನ್ಯಾಯವಾದ ಹಕ್ಕು.

ಇಷ್ಟನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ನ್ಯಾಯವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಕನ್ನಡ ನಾಡಿನಲ್ಲಿರುವ ಧರ್ಮಸಭೆಯು ಕನ್ನಡದ ಧರ್ಮಸಭೆಯಾಗಿರಬೇಕು. ಶತಮಾನಗಳ ಕಾಲ ಬಲಿಪೂಜೆ ಲತೀನಿನಲ್ಲಿ ನಡೆಯಿತು; ಅದರ ಸುತ್ತಲಿನ ಪ್ರಾರ್ಥನೆ, ಪ್ರವಚನ, ಹಾಡುಗಳು ಅನೇಕ ಕಡೆಗಳಲ್ಲಿ ಕೊಂಕಣಿಯಲ್ಲಿಯೋ, ತಮಿಳಿನಲ್ಲಿಯೋ, ಇಂಗ್ಲಿಷಿನಲ್ಲಿಯೋ ಸಾಗಿದವು. ಮಹಾಸಭೆಯ ನಂತರವೂ ಕನ್ನಡಕ್ಕೆ ಅದರ ಸ್ಥಾನ ತಾನಾಗಿ ದೊರೆಯಲಿಲ್ಲ. ಹಳ್ಳಿಗಳ ಕನ್ನಡ ಕಥೋಲಿಕರು ತಮ್ಮ ನಾಡಿನ ದೇವಾಲಯಗಳಲ್ಲಿಯೇ ತಮ್ಮ ನುಡಿಗಾಗಿ ಬೇಡಿಕೆ ಸಲ್ಲಿಸಬೇಕಾದ ಸ್ಥಿತಿ ಇತ್ತು. 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ಧಾರವಾಡದ ಸಾಹಿತಿಗಳು ಚಳವಳಿ ಹೂಡಿದಾಗ ನಾಡಿನಲ್ಲೆಲ್ಲ ಎದ್ದ ಪ್ರಶ್ನೆಯು ದೇವಾಲಯದ ಅಂಗಳದಲ್ಲಿಯೂ ಕೇಳಿಬಂದದ್ದು ಸಹಜವೇ ಆಗಿತ್ತು. ಆ ನೋವು ನಿಜವಾದದ್ದು. ವಲಸಿಗರ ಸೇವೆಯ ಹೆಸರಿನಲ್ಲಿ ಆ ನೋವನ್ನು ಕಡೆಗಣಿಸಿದರೆ ಯಾರ ಸೇವೆಯೂ ನೆಟ್ಟಗೆ ನಡೆಯದು.

ಭಾಷೆಯ ವ್ಯಾಜ್ಯ ದೇವಾಲಯದೊಳಗೆ ಹೊಕ್ಕರೆ ಏನಾಗುತ್ತದೆಂಬುದಕ್ಕೆ ರಾಜಧಾನಿಯ ದೃಷ್ಟಾಂತವೇ ನಮ್ಮೆದುರಿಗಿದೆ. ಬೆಂಗಳೂರಿನಲ್ಲಿ ಯಾವ ಧರ್ಮಕೇಂದ್ರದಲ್ಲಿ ಯಾವ ನುಡಿಯ ಬಲಿಪೂಜೆ, ಯಾವ ಹೊತ್ತಿಗೆ, ಎಷ್ಟು ಎಂಬ ವಿಷಯದಲ್ಲಿ ದಶಕಗಳ ಕಾಲ ಕಹಿ ಬೆಳೆಯಿತು. ಶಾಂತಿಯ ಚುಂಬನವನ್ನು ಕೊಟ್ಟು ತೆಗೆದುಕೊಳ್ಳಬೇಕಾದವರು ಭಿತ್ತಿಪತ್ರ, ಮನವಿಪತ್ರಗಳನ್ನು ಹಿಡಿದು ಎದುರುಬದರಾಗಿ ನಿಂತರು. ಎರಡೂ ಕಡೆಯವರ ಮಾತಿನಲ್ಲಿ ಸತ್ಯಾಂಶವಿತ್ತು. ಆದರೆ ವಾದವು ಗಂಟೆಗಳ ಹಂಚಿಕೆಯ ವಾದವಾದಾಗ ಒಬ್ಬರು ಪಡೆದ ಗಂಟೆ ಇನ್ನೊಬ್ಬರು ಕಳೆದುಕೊಂಡ ಗಂಟೆಯಾಗಿ ತೋರಿತು. ವೇಳಾಪಟ್ಟಿಯಿಂದ ಜಗಳವನ್ನು ಮುಂದೂಡಬಹುದು, ಒಗ್ಗಟ್ಟನ್ನು ಹುಟ್ಟಿಸಲಾಗದು. ನಮ್ಮ ಅವಳಿನಗರ ಅಂಥ ಕಹಿಗೆ ಇನ್ನೂ ಬಲಿಯಾಗಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ಜಗಳವಿಲ್ಲದಿರುವುದಕ್ಕೆ ಪ್ರೀತಿಯೇ ಕಾರಣವೋ, ಪರಸ್ಪರ ಪರಿಚಯವೇ ಇಲ್ಲದಿರುವುದು ಕಾರಣವೋ ಎಂಬುದನ್ನು ಪ್ರತಿಯೊಂದು ಧರ್ಮಕೇಂದ್ರವೂ ಪರೀಕ್ಷಿಸಿಕೊಳ್ಳಬೇಕು.

ಈ ಎರಡು ನ್ಯಾಯಗಳನ್ನು ಒಟ್ಟಿಗೆ ಸಾಧಿಸುವ ದಾರಿ ಯಾವುದು? ಈ ಪ್ರಶ್ನೆ ಹೊಸದಲ್ಲ. ಧರ್ಮಸಭೆಯ ಆದಿಯಲ್ಲಿಯೇ ಇದು ಎದ್ದಿತ್ತು. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಪಂಚಾಶತ್ತಮ ದಿನದ ಘಟನೆಯನ್ನು ಓದುತ್ತೇವೆ. ನಾನಾ ದೇಶಗಳಿಂದ ಬಂದ ಜನ ತಮ್ಮ ತಮ್ಮ ನುಡಿಯಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿ ಬೆರಗಾಗುತ್ತಾರೆ. ಅದನ್ನು ನಾವು ಹಬ್ಬವನ್ನಾಗಿ ಆಚರಿಸುತ್ತೇವೆ. ಆದರೆ ಅದೇ ಗ್ರಂಥದ ಆರನೆಯ ಅಧ್ಯಾಯವನ್ನು ಅಷ್ಟೇ ಗಮನದಿಂದ ಓದುವುದಿಲ್ಲ. ಅಲ್ಲಿ ಗೊಣಗಾಟವಿದೆ. ಗ್ರೀಕ್ ನುಡಿಯುವ ವಿಧವೆಯರು ದಿನನಿತ್ಯದ ಅನ್ನದಾನದಲ್ಲಿ ಅಲಕ್ಷ್ಯಕ್ಕೊಳಗಾಗುತ್ತಿದ್ದಾರೆಂಬ ದೂರು ಹೀಬ್ರೂ ನುಡಿಯುವವರ ಮೇಲೆ ಬರುತ್ತದೆ. ಪವಿತ್ರಾತ್ಮರ ವರವನ್ನು ಪಡೆದ ಜೆರುಸಲೇಮಿನ ಸಭೆಯಲ್ಲಿಯೇ ಭಾಷೆಯ ಕಾರಣದಿಂದ ಪಂಕ್ತಿಭೇದ ಉಂಟಾಗಿತ್ತು!

ಪ್ರೇಷಿತರು ಆಗ ಮಾಡಿದ್ದೇನು? ಗ್ರೀಕರಿಗೆ ಬೇರೆ ಪಂಕ್ತಿ ಹಾಕಿಸಲಿಲ್ಲ. ಹೀಬ್ರೂ ಕಲಿತು ಬನ್ನಿರೆಂದು ಅವರನ್ನು ಹಿಂದಕ್ಕೆ ಕಳುಹಿಸಲೂ ಇಲ್ಲ. ಎಲ್ಲರನ್ನೂ ಕೂಡಿಸಿ ಏಳು ಮಂದಿಯನ್ನು ಆರಿಸಿರೆಂದರು. ಆರಿಸಲ್ಪಟ್ಟವರ ಹೆಸರುಗಳನ್ನು ನೋಡಿರಿ: ಸ್ತೇಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು; ನಿಕೊಲಾಯನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಧರ್ಮಕ್ಕೆ ಸೇರಿದ್ದವನು. ಯಾರ ದೂರು ಇತ್ತೋ ಅವರ ಕೈಗೇ ಎಲ್ಲರಿಗೂ ಬಡಿಸುವ ಹೊಣೆಯನ್ನು ವಹಿಸಲಾಯಿತು. ಪಂಕ್ತಿ ಒಂದೇ ಉಳಿಯಿತು, ಬಡಿಸುವ ಕೈ ಬದಲಾಯಿತು. ಅದರ ಫಲವಾಗಿ ಧರ್ಮಸಭೆಗೆ ಅದರ ಪ್ರಥಮ ರಕ್ತಸಾಕ್ಷಿ ದೊರೆತನು; ಸಮಾರ್ಯಕ್ಕೆ ಶುಭಸಂದೇಶವನ್ನು ಒಯ್ದ ಫಿಲಿಪ್ಪನು ದೊರೆತನು. ನಮ್ಮ ಸಮಸ್ಯೆಗೂ ಇದೇ ಪರಿಹಾರವೆಂಬುದು ನಮ್ಮ ಅಭಿಪ್ರಾಯ. ಪರಭಾಷಿಕರಿಗೆ ಪ್ರತ್ಯೇಕ ಮೂಲೆಯೊಂದನ್ನು ಬಿಟ್ಟುಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಇಡೀ ಧರ್ಮಕೇಂದ್ರದ ಹೊಣೆಯಲ್ಲಿ ಅವರಿಗೆ ಪಾಲು ಕೊಡುವುದು ಕಷ್ಟ. ಆದರೆ ಮಾಡಬೇಕಾದದ್ದು ಅದನ್ನೇ.

ಇದನ್ನು ಆಚರಣೆಗೆ ತರುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಧರ್ಮಕೇಂದ್ರಗಳ ಮುಂದಿಡಲು ಬಯಸುತ್ತೇವೆ.

ಮೊದಲನೆಯದಾಗಿ, ಎಣಿಕೆ. ನಮ್ಮ ಧರ್ಮಕೇಂದ್ರಗಳ ಕುಟುಂಬ ದಾಖಲೆಗಳು ಮನೆಯುಳ್ಳವರ ದಾಖಲೆಗಳು. ಶೆಡ್ಡಿನಲ್ಲಿ ವಾಸಿಸುವವನು, ವಸತಿಗೃಹದ ಕೋಣೆಯಲ್ಲಿರುವ ದಾದಿ, ಆರು ತಿಂಗಳಿಗೊಮ್ಮೆ ಕೆಲಸದ ಜಾಗ ಬದಲಿಸುವ ಕಾರ್ಮಿಕ ಇವರು ಅದರಲ್ಲಿ ಬರುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಮೇ 1ರಿಂದ ಶ್ರಮಿಕ ವಿಶೇಷ ರೈಲುಗಳು ಹೊರಡುವವರೆಗೆ, ವಲಸೆಯ ಕಾರ್ಮಿಕರು ಎಷ್ಟು ಮಂದಿ, ಎಲ್ಲಿದ್ದಾರೆ ಎಂಬುದು ಸರಕಾರಕ್ಕೂ ಸರಿಯಾಗಿ ತಿಳಿದಿರಲಿಲ್ಲ. ಕುರುಬನಿಗೆ ತನ್ನ ಕುರಿಗಳ ಎಣಿಕೆ ಇರಬೇಕಲ್ಲವೇ? ಪ್ರತಿ ಧರ್ಮಕೇಂದ್ರದ ತರುಣ ಸಂಘದವರು ವರ್ಷಕ್ಕೆರಡು ಬಾರಿ ತಮ್ಮ ಎಲ್ಲೆಯೊಳಗಿನ ಕಟ್ಟಡದ ಕೆಲಸಗಳು, ಕಾರ್ಖಾನೆಗಳು, ವಸತಿಗೃಹಗಳಿಗೆ ಹೋಗಿ ನಮ್ಮ ವಿಶ್ವಾಸಿಗಳ ಹೆಸರು, ಊರು, ನುಡಿ, ತುರ್ತುಸಮಯಕ್ಕೆ ಬೇಕಾಗುವ ಮನೆಯವರ ದೂರವಾಣಿ ಸಂಖ್ಯೆ ಇವನ್ನು ಅವರ ಒಪ್ಪಿಗೆಯಿಂದ ಬರೆದುಕೊಳ್ಳಲಿ. ಯಾರನ್ನೂ ಮತಾಂತರಿಸುವ ಉದ್ದೇಶ ಇದರಲ್ಲಿಲ್ಲ. ನಮ್ಮವರನ್ನು ನಾವು ಗುರುತಿಸಿಕೊಳ್ಳುವ ಕೆಲಸವಿದು.

ಎರಡನೆಯದಾಗಿ, ಸಂಸ್ಕಾರಗಳು. ಪ್ರತಿಯೊಂದು ನುಡಿಗೂ ಪ್ರತಿ ಭಾನುವಾರ ಪ್ರತ್ಯೇಕ ಬಲಿಪೂಜೆ ಸಾಧ್ಯವಿಲ್ಲ, ಅವಶ್ಯವೂ ಅಲ್ಲ. ಆದರೆ ಆಗಮನ ಕಾಲದಲ್ಲಿಯೂ ತಪಸ್ಸುಕಾಲದಲ್ಲಿಯೂ ಪ್ರತಿ ನುಡಿಯವರಿಗೂ ಅವರ ನುಡಿಯ ಗುರುಗಳಿಂದ ಪಾಪನಿವೇದನೆಯ ಅವಕಾಶ ದೊರೆಯಲೇಬೇಕು. ಧಾರ್ಮಿಕ ಸಭೆಗಳಿಗೆ ಸೇರಿದ ಗುರುಗಳಲ್ಲಿ, ಧರ್ಮಭಗಿನಿಯರಲ್ಲಿ ಛೋಟಾನಾಗಪುರದವರು, ಒಡಿಶಾದವರು, ಈಶಾನ್ಯ ರಾಜ್ಯಗಳವರು ಇಂದು ದಕ್ಷಿಣದಲ್ಲಿಯೂ ಇದ್ದಾರೆ. ಯಾವ ಮಠದಲ್ಲಿ ಯಾವ ನುಡಿ ಬಲ್ಲವರಿದ್ದಾರೆಂಬ ಒಂದು ಪಟ್ಟಿ ಅವಳಿನಗರದ ಎಲ್ಲ ಧರ್ಮಕೇಂದ್ರಗಳಲ್ಲಿಯೂ ಇರಲಿ. ರಾತ್ರಿ ಆಸ್ಪತ್ರೆಯಿಂದ ಕರೆ ಬಂದರೆ ಯಾರನ್ನು ಕರೆಯಬೇಕೆಂಬುದು ಗುರುಗಳಿಗೆ ತಿಳಿದಿರಲಿ. ಭಾನುವಾರ ಬೆಳಗಿನ ಹೊತ್ತು ಕಾಂಕ್ರೀಟಿನ ಕೆಲಸದಲ್ಲಿರುವವನಿಗೆ ಸಂಜೆಯ ಬಲಿಪೂಜೆಯೊಂದು ಇದ್ದರೆ ಅದೇ ದೊಡ್ಡ ಉಪಕಾರ.

ಮೂರನೆಯದಾಗಿ, ಹೊಣೆ. ಪಾಲನಾ ಪರಿಷತ್ತಿನಲ್ಲಿ, ಹಣಕಾಸು ಸಮಿತಿಯಲ್ಲಿ, ಬಡವರ ನಿಧಿಯ ವಿತರಣೆಯಲ್ಲಿ ಹೊಸದಾಗಿ ಬಂದವರಿಗೆ ಸ್ಥಾನ ದೊರೆಯಬೇಕು. ತಮಿಳರ ಪ್ರತಿನಿಧಿ ತಮಿಳರಿಗಾಗಿ, ಮಲಯಾಳಿಗಳ ಪ್ರತಿನಿಧಿ ಮಲಯಾಳಿಗಳಿಗಾಗಿ ಎಂಬ ಕ್ರಮದಿಂದ ಗುಂಪುಗಳು ಗಟ್ಟಿಯಾಗುತ್ತವೆ. ಕನ್ನಡ ಬಡವರ ನಿಧಿಯ ಲೆಕ್ಕವನ್ನು ತಮಿಳು ಹಿರಿಯರೊಬ್ಬರು ನೋಡಲಿ. ಜಾರ್ಖಂಡದ ಹುಡುಗರ ಕ್ಷೇಮವನ್ನು ಕನ್ನಡದ ತಾಯಂದಿರ ಸಂಘವು ವಿಚಾರಿಸಲಿ. ಸ್ತೇಫನನ ಪಂಕ್ತಿಯೆಂದರೆ ಇದೇ. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ ನೋಂದಣಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯಗಳು, ಒಂದು ರಾಜ್ಯದ ಪಡಿತರ ಚೀಟಿಯಿಂದ ಇನ್ನೊಂದು ರಾಜ್ಯದಲ್ಲಿ ಧಾನ್ಯ ಪಡೆಯುವ ವ್ಯವಸ್ಥೆ ಇವೆಲ್ಲ ಇದ್ದರೂ ಕನ್ನಡ ಓದಲಾರದವನಿಗೆ ನಮೂನೆ ತುಂಬಿಕೊಡುವವರು ಬೇಕು. ನಮ್ಮ ನಿವೃತ್ತ ಶಿಕ್ಷಕರು, ನಿವೃತ್ತ ರೈಲ್ವೆ ನೌಕರರು ವಾರಕ್ಕೆ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಅದೂ ಒಂದು ದೈವಾರಾಧನೆಯೇ.

ನಾಲ್ಕನೆಯದಾಗಿ, ಕನ್ನಡ. ಕ್ರಿಸ್ತಜಯಂತಿ, ಪವಿತ್ರ ವಾರ, ಪುನರುತ್ಥಾನ ಮಹೋತ್ಸವ, ಧರ್ಮಕೇಂದ್ರದ ಪಾಲಕರ ಹಬ್ಬ ಈ ದಿನಗಳಲ್ಲಿ ಎಲ್ಲರೂ ಒಂದೇ ಬಲಿಪೂಜೆಯಲ್ಲಿ ಕೂಡಬೇಕು. ಅದರ ಮುಖ್ಯ ನುಡಿ ಕನ್ನಡವಾಗಿರಬೇಕು. ವಾಚನವೊಂದು ಕೊಂಕಣಿಯಲ್ಲಿರಲಿ, ಕಾಣಿಕೆಯ ಹಾಡು ತಮಿಳಿನಲ್ಲಿರಲಿ, ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸಾದರಿಯ ದನಿಯೂ ಕೇಳಲಿ. ಎಲ್ಲವನ್ನೂ ಪೋಣಿಸುವ ದಾರ ಕನ್ನಡವಿರಲಿ. ಹೊಸಬರಿಗೆ ಕನ್ನಡ ಕಲಿಸುವ ಸಂಜೆಯ ತರಗತಿಗಳನ್ನು ನಮ್ಮ ಶಾಲೆಗಳೇ ನಡೆಸಬಹುದು. ಕನ್ನಡ ಬಾರದವನು ಪೊಲೀಸ್ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಗುತ್ತಿಗೆದಾರನ ಮುಂದೆ ಅರ್ಧ ಮೂಕ. ಅವನಿಗೆ ಕನ್ನಡ ಕಲಿಸುವುದು ಅವನ ಮೇಲಿನ ಹೇರಿಕೆಯಲ್ಲ, ಅವನ ರಕ್ಷಣೆ. ಪೋಪ್ ಫ್ರಾನ್ಸಿಸರು 2018ರ ವಲಸಿಗರ ದಿನದ ಸಂದೇಶಕ್ಕೆ ಸ್ವಾಗತ, ರಕ್ಷಣೆ, ಉನ್ನತಿ, ಸಮಾಜದಲ್ಲಿ ಒಂದಾಗಿಸುವಿಕೆ ಎಂಬ ನಾಲ್ಕು ಕರ್ತವ್ಯಗಳನ್ನು ವಿಷಯವನ್ನಾಗಿ ಮಾಡಿಕೊಂಡಿದ್ದರು. ಮೊದಲನೆಯದನ್ನು ತಾಯ್ನುಡಿಯಲ್ಲಿ ಮಾಡಬಹುದು. ಕೊನೆಯದು ನಾಡನುಡಿಯಿಲ್ಲದೆ ಆಗದು.

ಐದನೆಯದಾಗಿ, ಮಕ್ಕಳು. ಇಲ್ಲಿ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಕಲಿತು, ಬೀದಿಯಲ್ಲಿ ಹುಬ್ಬಳ್ಳಿಯ ಗಂಡುಮೆಟ್ಟಿನ ಕನ್ನಡವನ್ನು ಲೀಲಾಜಾಲವಾಗಿ ಆಡುವ ಮಗುವಿಗೆ ಅಜ್ಜನ ನುಡಿಯಲ್ಲಿಯೇ ಧರ್ಮೋಪದೇಶವಾಗಬೇಕೆಂದು ಹಠ ಹಿಡಿದರೆ ಆ ಮಗು ಎರಡೂ ಕಡೆ ಅರೆಬರೆಯಾಗಿ ಉಳಿಯುತ್ತದೆ. ಮನೆಯಲ್ಲಿ ತಾಯ್ನುಡಿಯ ಜಪಮಾಲೆ ಅವಶ್ಯವಾಗಿ ನಡೆಯಲಿ. ಅದು ಆ ಕುಟುಂಬದ ಆಸ್ತಿ. ಧರ್ಮೋಪದೇಶದ ತರಗತಿಯಲ್ಲಿ ಮಾತ್ರ ಎಲ್ಲ ಮಕ್ಕಳೂ ಕನ್ನಡದಲ್ಲಿ ಒಟ್ಟಿಗೆ ಕುಳಿತುಕೊಳ್ಳಲಿ. ಜೊತೆಗೆ ಕುಳಿತು ಕಲಿತ ಮಕ್ಕಳು ನಾಳೆ ಗಂಟೆಗಳಿಗಾಗಿ ಜಗಳವಾಡಲಾರರು.

ಇಲ್ಲಿ ಒಂದು ವಿವೇಚನೆ ಅಗತ್ಯ. ಕೇರಳದ ಸಿರೋ-ಮಲಬಾರ್ ವಿಶ್ವಾಸಿಗಳ ವಿಷಯವನ್ನು ಕೇವಲ ಭಾಷೆಯ ವಿಷಯವೆಂದು ತಿಳಿಯಬಾರದು. ಅವರದು ತನ್ನದೇ ಆದ ಪೂಜಾಪರಂಪರೆಯುಳ್ಳ, ಪ್ರಾಚೀನವಾದ ಪೌರ್ವಾತ್ಯ ಧರ್ಮಸಭೆ. 2017ರ ಅಕ್ಟೋಬರ್ 9ರಂದು ಪೋಪ್ ಫ್ರಾನ್ಸಿಸರು ಭಾರತದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು ಆ ಧರ್ಮಸಭೆಯ ಪಾಲನಾಧಿಕಾರವನ್ನು ದೇಶದಾದ್ಯಂತ ವಿಸ್ತರಿಸಿದ ಸಂಗತಿಯನ್ನು ತಿಳಿಸಿದರು. ಅವರ ಪರಂಪರೆಯನ್ನು ಗೌರವಿಸುವುದು ನಮ್ಮ ಕರ್ತವ್ಯ. ಪರಂಪರೆ ಬೇರೆಯಾದ ಮಾತ್ರಕ್ಕೆ ನೆರೆಹೊರೆತನ ಬೇರೆಯಾಗಬೇಕಿಲ್ಲ. ಒಂದೇ ಓಣಿಯ ರೋಗಿಯನ್ನು ನೋಡಲು ಎರಡೂ ಪರಂಪರೆಯವರು ಕೂಡಿ ಹೋಗಬಹುದು.

ನಮ್ಮ ಈ ಮಾತಿಗೆ ಆಕ್ಷೇಪಗಳು ಬಾರದಿರವು. ಗುರುಗಳ ಸಂಖ್ಯೆಯೇ ಕಡಿಮೆಯಿರುವಾಗ ಇಷ್ಟೆಲ್ಲ ಯಾರು ಮಾಡಬೇಕು ಎಂದು ಕೇಳಬಹುದು. ಮೇಲೆ ಹೇಳಿದವುಗಳಲ್ಲಿ ಗುರುಗಳೇ ಮಾಡಬೇಕಾದದ್ದು ಸಂಸ್ಕಾರಗಳ ಸೇವೆ ಮಾತ್ರ. ಉಳಿದದ್ದು ಶ್ರೀಸಾಮಾನ್ಯ ವಿಶ್ವಾಸಿಗಳ ಕೆಲಸ. ಪ್ರೇಷಿತರೂ ಅದಕ್ಕಾಗಿಯೇ ಏಳು ಮಂದಿಯನ್ನು ಆರಿಸಲು ಹೇಳಿದರು. ಇಂದು ಇದ್ದು ನಾಳೆ ಹೋಗುವವರಿಗಾಗಿ ಇಷ್ಟು ಶ್ರಮವೇಕೆ ಎಂದು ಇನ್ನು ಕೆಲವರು ಹೇಳಬಹುದು. ಹಸಿವು, ರೋಗ, ಸಾವು ಇವು ಮನುಷ್ಯನ ವಾಸದ ಅವಧಿಯನ್ನು ಕೇಳಿ ಬರುವುದಿಲ್ಲ. ಅದಲ್ಲದೆ ನಾವು ಕೈಬಿಟ್ಟವರು ಬೇರೆಲ್ಲಿಯೋ ತಮ್ಮ ನುಡಿಯಲ್ಲಿ ಮಾತನಾಡಿಸುವವರನ್ನು ಅರಸಿಕೊಂಡು ಹೋದರೆ ಅವರನ್ನು ದೂಷಿಸುವ ಅಧಿಕಾರ ನಮಗಿರದು. ಅವರಿಗೆ ಅವರ ನುಡಿಯಲ್ಲಿ ಸಂಸ್ಕಾರ ಕೊಟ್ಟರೆ ಕನ್ನಡ ಕುಗ್ಗೀತೆಂಬ ಅಂಜಿಕೆಯೂ ಕೆಲವರಲ್ಲಿದೆ. ತನ್ನ ಮನೆಯಲ್ಲಿ ಗಟ್ಟಿಯಾಗಿ ನಿಂತ ಕನ್ನಡವು ಅತಿಥಿಯ ಪ್ರಾರ್ಥನೆಗೆ ಬೆದರುವುದಿಲ್ಲ. ಕನ್ನಡವನ್ನು ಕುಗ್ಗಿಸುವುದು ನಮ್ಮದೇ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಓದಲು ಬರೆಯಲು ಕಲಿಸದಿರುವ ಉದಾಸೀನತೆ.

ನಮ್ಮ ಧಾರವಾಡದ ಮಣ್ಣೇ ಇದಕ್ಕೆ ಸಾಕ್ಷಿ. ಜರ್ಮನಿಯಿಂದ ಬಾಸೆಲ್ ಮಿಶನ್ನಿನ ಮೂಲಕ 1853ರಲ್ಲಿ ಈ ಭಾಗಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲರು ನಮ್ಮ ನುಡಿಯನ್ನು ಕಲಿತು 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟರು. ಮನೆಯಲ್ಲಿ ಮರಾಠಿ ನುಡಿಯುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ದ. ರಾ. ಬೇಂದ್ರೆಯವರು ಕನ್ನಡದ ವರಕವಿಯಾದರು. 1973ರಲ್ಲಿ ಜ್ಞಾನಪೀಠವನ್ನು ಈ ನಾಡಿಗೆ ತಂದರು. ಕಥೋಲಿಕ ಪರಂಪರೆಯಲ್ಲಿಯೇ ನೋಡಿದರೆ 17ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯಿಂದ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಕನ್ನಡ ಕಲಿತು ಮೈಸೂರು ಸೀಮೆಯಲ್ಲಿ ಸೇವೆಯ ಅಡಿಗಲ್ಲನ್ನಿಟ್ಟರು. ಹೊರಗಿನಿಂದ ಬಂದವರು ಕನ್ನಡವನ್ನು ಪ್ರೀತಿಸಿದ್ದು ಯಾರ ಬಲವಂತದಿಂದಲೂ ಅಲ್ಲ. ಈ ನಾಡು ಅವರಿಗೆ ಕೆಲಸವನ್ನ, ಮನ್ನಣೆಯನ್ನ, ತಮ್ಮದೆನ್ನುವ ಒಂದು ಜಾಗವನ್ನು ಕೊಟ್ಟಿತು. ಹೊಣೆ ಸಿಕ್ಕವನಿಗೆ ನುಡಿ ತಾನಾಗಿ ಒಲಿಯುತ್ತದೆ.

ಕೊನೆಯದಾಗಿ, ನಮ್ಮವರೂ ಬೇರೆ ಕಡೆ ಪರಭಾಷಿಕರೇ ಎಂಬುದನ್ನು ಮರೆಯದಿರೋಣ. ಧಾರವಾಡ, ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಾವಿರಾರು ಕುಟುಂಬಗಳು ಮಳೆ ಕೈಕೊಟ್ಟ ವರ್ಷಗಳಲ್ಲಿ ಗೋವೆಗೆ ದುಡಿಯಲು ಹೋದವು. ವಾಸ್ಕೊದ ಬೈನಾ ಕಡಲತೀರದಲ್ಲಿ, ಜುವಾರಿನಗರದಲ್ಲಿ ಅವರ ವಸತಿಗಳೆದ್ದವು. 2004ರಲ್ಲಿ ಬೈನಾದ ಮನೆಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಬಹುಪಾಲು ನಮ್ಮ ಕನ್ನಡಿಗರೇ. ಅವರು ಯಾವ ಮತದವರೇ ಆಗಿರಲಿ, ಅವರ ಸಂಕಟವನ್ನು ಕೇಳಿ ಈ ಭಾಗದ ಎಲ್ಲರೂ ಮರುಗಿದರು. ಅಲ್ಲಿ ನಮ್ಮವರನ್ನು ಕನ್ನಡದಲ್ಲಿ ಮಾತನಾಡಿಸಿದ ಒಬ್ಬ ಗುರು, ಒಬ್ಬ ದಾದಿ, ಒಬ್ಬ ನೆರೆಯಾಕೆ ನಮಗೆ ದೇವದೂತರಂತೆ ತೋರುತ್ತಾರಲ್ಲವೇ? ಹಾಗಾದರೆ ತಗಡಿನ ಶೆಡ್ಡಿನ ಹುಡುಗನ ತಾಯಿ ದೂರದ ಸುಂದರಗಢದಲ್ಲಿ ಕುಳಿತು ಹುಬ್ಬಳ್ಳಿಯಿಂದ ಏನನ್ನು ನಿರೀಕ್ಷಿಸುತ್ತಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪರದೇಶಿಯಾಗಿದ್ದಾಗ ನನ್ನನ್ನು ಬರಮಾಡಿಕೊಂಡಿರಾ ಎಂಬ ಪ್ರಶ್ನೆಯನ್ನು ಅಂತಿಮ ತೀರ್ಪಿನ ದಿನದಂದು ಪ್ರಭುವು ನಮ್ಮೆಲ್ಲರಿಗೂ ಕೇಳಲಿರುವರೆಂದು ನಾವು ನಂಬುತ್ತೇವೆ. ಆ ಪ್ರಶ್ನೆಗೆ ಉತ್ತರವನ್ನು ಧರ್ಮಾಧ್ಯಕ್ಷರು, ಗುರುಗಳು ಮಾತ್ರ ಕೊಡಬೇಕೆಂದಿಲ್ಲ. ಪ್ರತಿಯೊಂದು ಕುಟುಂಬವೂ ಕೊಡಬೇಕು. ಮುಂಬರುವ ಭಾನುವಾರ ಬಲಿಪೂಜೆ ಮುಗಿದ ತಕ್ಷಣ ಮನೆಗೆ ಧಾವಿಸದೆ ಹಿಂದಿನ ಸಾಲಿನಲ್ಲಿ ಒಬ್ಬಂಟಿಯಾಗಿ ನಿಂತಿರುವ ಅಪರಿಚಿತನ ಬಳಿಗೆ ಹೋಗಿ ಅವನ ಹೆಸರು, ಊರು ಕೇಳಿರಿ. ಅವನ ನುಡಿ ನಿಮಗೆ ಬಾರದಿದ್ದರೆ ಅದನ್ನು ಬಲ್ಲವರನ್ನು ಕರೆತನ್ನಿರಿ. ಮುಂದಿನ ವಾರ ಊಟಕ್ಕೆ ಮನೆಗೆ ಕರೆಯಿರಿ. ಅದರ ಮುಂದಿನ ವಾರ ದೇವಾಲಯದ ಯಾವುದಾದರೊಂದು ಕೆಲಸವನ್ನು ಅವನ ಕೈಗೆ ಕೊಡಿಸಿರಿ. ಧರ್ಮಕೇಂದ್ರದ ಪಾಲನಾ ಪರಿಷತ್ತು ಮುಂದಿನ ಸಲ ಸಭೆ ಸೇರಿದಾಗ ಬಲಿಪೂಜೆಗಳ ವೇಳಾಪಟ್ಟಿಗಿಂತ ಮೊದಲು, ನಮ್ಮ ಎಲ್ಲೆಯೊಳಗೆ ಯಾರು ಯಾರು ಇದ್ದಾರೆಂಬ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲಿ ಎಂಬುದು ನಮ್ಮ ವಿನಮ್ರ ಕೋರಿಕೆ.